ಡಿಕಮಿಷನಿಂಗ್ ನಿಧಿ ಮತ್ತು ಚಾಲನೆಯಲ್ಲಿರುವ ಪರಮಾಣು ಸ್ಥಾವರಗಳ ಹಳೆಯ ಭಾಗಗಳ ವಿಲೇವಾರಿ

ಪರಮಾಣು ವಿದ್ಯುತ್ ಸ್ಥಾವರವೊಂದು ಶಾಶ್ವತವಾಗಿ ನಿಂತ ಮೇಲೆ ಅದನ್ನು ಕಳಚಿ, ವಿಕಿರಣಶೀಲ ಭಾಗಗಳನ್ನು ಸುರಕ್ಷಿತ ತಾಣಕ್ಕೆ ಸಾಗಿಸಿ, ನೆಲವನ್ನು ಮತ್ತೆ ಬಳಕೆಗೆ ಬಿಡುವ ಕೆಲಸವೇ ಡಿಕಮಿಷನಿಂಗ್. ಆ ಹೊತ್ತಿಗೆ ಸ್ಥಾವರದಲ್ಲಿ ವಿದ್ಯುತ್ ಉತ್ಪಾದನೆ ಇರುವುದಿಲ್ಲ, ಆದಾಯವೂ ಇರುವುದಿಲ್ಲ. ಆದ್ದರಿಂದ ಸ್ಥಾವರ ದುಡಿಯುತ್ತಿರುವ ವರ್ಷಗಳಲ್ಲೇ ಹಣ ಕೂಡಿಟ್ಟು ಪ್ರತ್ಯೇಕ ನಿಧಿಯಲ್ಲಿ ಕಾಪಾಡುವ ಪದ್ಧತಿ ಹಲವು ದೇಶಗಳಲ್ಲಿದೆ. ಆದರೆ ಸ್ಥಾವರದ ಕೆಲವು ಭಾರಿ ಭಾಗಗಳು ಅದು ಮುಚ್ಚುವ ಬಹಳ ಮೊದಲೇ ಸವೆದು ಹೊರಬೀಳುತ್ತವೆ. ಹೊಸ ಭಾಗ ಜೋಡಿಸಿದ ಮೇಲೆ ಹಳೆಯದು ಅದೇ ಆವರಣದಲ್ಲಿ ದಶಕಗಟ್ಟಲೆ ಉಳಿಯುವುದುಂಟು. ಈ ಹಳೆಯ ಭಾಗಗಳ ವಿಲೇವಾರಿಗೆ, ಸ್ಥಾವರ ಇನ್ನೂ ನಡೆಯುತ್ತಿರುವಾಗಲೇ, ಡಿಕಮಿಷನಿಂಗ್ ನಿಧಿಯಿಂದ ಹಣ ತೆಗೆಯಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ. ನಾಳೆಯ ಹೊಣೆಗೆಂದು ಇಂದಿನ ಗ್ರಾಹಕರು ಕೊಟ್ಟ ಹಣದ ಮೇಲೆ ಯಾರಿಗೆ, ಯಾವಾಗ, ಎಷ್ಟು ಹಕ್ಕು ಎಂಬುದೇ ಈ ಚರ್ಚೆಯ ತಿರುಳು.

ನಿಧಿಯ ಹುಟ್ಟು ಮತ್ತು ಲೆಕ್ಕ

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1988ರ ಜೂನ್‌ನಲ್ಲಿ ಡಿಕಮಿಷನಿಂಗ್ ಕುರಿತ ಸಮಗ್ರ ನಿಯಮ ಹೊರಡಿಸಿತು. ಪ್ರತಿ ಪರವಾನಗಿದಾರನೂ ಮುಂದಿನ ವೆಚ್ಚಕ್ಕೆ ಹಣವಿದೆ ಎಂಬ ಭರವಸೆ ಒದಗಿಸಬೇಕು ಎಂಬುದು ಅದರ ಮುಖ್ಯ ಅಂಶ. ಇದಕ್ಕೆ ಹೆಚ್ಚಿನ ಕಂಪನಿಗಳು ಬಳಸಿದ ದಾರಿ ಕಂಪನಿಯ ಕೈಗೆ ನೇರವಾಗಿ ಸಿಗದ ಟ್ರಸ್ಟ್ ನಿಧಿ. ಕಂಪನಿ ದಿವಾಳಿಯಾದರೂ ಈ ಹಣ ಉಳಿಯಬೇಕು ಎಂಬುದು ಅದರ ಹಿಂದಿನ ಉದ್ದೇಶ.

ಕನಿಷ್ಠ ಮೊತ್ತಕ್ಕೆ ಆಯೋಗ ಒಂದು ಸೂತ್ರ ಕೊಟ್ಟಿದೆ. 3,400 ಮೆಗಾವಾಟ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣ ಸಾಮರ್ಥ್ಯವಿರುವ ಒತ್ತಡದ ನೀರಿನ ರಿಯಾಕ್ಟರಿಗೆ 1986ರ ಜನವರಿಯ ಬೆಲೆಯಲ್ಲಿ 10.5 ಕೋಟಿ ಡಾಲರ್, ಕುದಿನೀರಿನ ರಿಯಾಕ್ಟರಿಗೆ 13.5 ಕೋಟಿ ಡಾಲರ್. ಚಿಕ್ಕ ರಿಯಾಕ್ಟರುಗಳಿಗೆ ಸಾಮರ್ಥ್ಯಕ್ಕೆ ತಕ್ಕಂತೆ ಮೊತ್ತ ಇಳಿಯುತ್ತದೆ. ಇಂದಿನ ಬೆಲೆಗೆ ತರುವಾಗ ಕೂಲಿಗೆ ಶೇ 65, ಇಂಧನ ಮತ್ತು ವಿದ್ಯುತ್ತಿಗೆ ಶೇ 13, ತ್ಯಾಜ್ಯ ಹೂಳುವ ದರಕ್ಕೆ ಶೇ 22ರಷ್ಟು ತೂಕ ಕೊಟ್ಟು ಗುಣಿಸಲಾಗುತ್ತದೆ. ಸ್ಥಾವರ ಚಾಲನೆಯಲ್ಲಿರುವಾಗ ಎರಡು ವರ್ಷಕ್ಕೊಮ್ಮೆ ನಿಧಿಯ ಸ್ಥಿತಿಯನ್ನು ಆಯೋಗಕ್ಕೆ ವರದಿ ಮಾಡಬೇಕು.

ಈ ಮೊತ್ತದಲ್ಲಿ ಏನು ಸೇರಿದೆ ಎನ್ನುವಷ್ಟೇ ಏನು ಸೇರಿಲ್ಲ ಎಂಬುದೂ ಮುಖ್ಯ. ಬಳಸಿದ ಇಂಧನದ ನಿರ್ವಹಣೆ, ವಿಕಿರಣದ ಸೋಂಕಿಲ್ಲದ ಕಟ್ಟಡಗಳನ್ನು ಕೆಡವುವುದು, ನಿವೇಶನವನ್ನು ಹಸಿರು ಬಯಲಾಗಿಸುವುದು ಇವು ಸೂತ್ರದ ಹೊರಗಿವೆ. ಸೂತ್ರ ಹುಟ್ಟಿದ್ದು ಮಾದರಿ ಸ್ಥಾವರಗಳ ಅಧ್ಯಯನದಿಂದ. ಒತ್ತಡದ ನೀರಿನ ರಿಯಾಕ್ಟರುಗಳಿಗೆ ಒರೆಗಾನ್ ರಾಜ್ಯದ ಟ್ರೋಜನ್ ಸ್ಥಾವರವೇ ಮಾದರಿ. ಆ ಲೆಕ್ಕದಲ್ಲಿ ಇದ್ದದ್ದು ಒಂದೇ ಸೆಟ್ ಸ್ಟೀಮ್ ಜನರೇಟರುಗಳು. ಸ್ಥಾವರದ ಆಯುಷ್ಯದಲ್ಲಿ ಅವನ್ನು ಬದಲಿಸಿದರೆ ಕೊನೆಗೆ ಎರಡು ಸೆಟ್ ವಿಲೇವಾರಿ ಆಗಬೇಕು. ಸೂತ್ರದ ಕನಿಷ್ಠ ಮೊತ್ತ ಮಾತ್ರ ಆ ಕಾರಣಕ್ಕೆ ಹೆಚ್ಚುವುದಿಲ್ಲ. ಮುಂದಿನ ವಿವಾದದ ಬೇರು ಇಲ್ಲಿದೆ.

ಪ್ರಮುಖ ವಿಕಿರಣಶೀಲ ಭಾಗಗಳು

ಅಮೆರಿಕದ ನಿಯಮಾವಳಿ ‘ಪ್ರಮುಖ ವಿಕಿರಣಶೀಲ ಭಾಗಗಳು’ ಎಂದು ಹೆಸರಿಸುವುದು ರಿಯಾಕ್ಟರ್ ಪಾತ್ರೆ ಮತ್ತು ಅದರೊಳಗಿನ ರಚನೆಗಳು, ಸ್ಟೀಮ್ ಜನರೇಟರುಗಳು, ಪ್ರೆಷರೈಸರ್, ಶೀತಕ ಹರಿಯುವ ದೊಡ್ಡ ವ್ಯಾಸದ ಕೊಳವೆಗಳು ಹಾಗೂ ಅಷ್ಟೇ ಪ್ರಮಾಣದಲ್ಲಿ ವಿಕಿರಣ ಸೂಸುವ ಇತರ ಭಾರಿ ಸಾಮಗ್ರಿ.

ಇವುಗಳಲ್ಲಿ ಸ್ಥಾವರದ ಜೀವಿತಾವಧಿಯಲ್ಲೇ ಹೆಚ್ಚಾಗಿ ಬದಲಾಗಿರುವುದು ಸ್ಟೀಮ್ ಜನರೇಟರ್. ಇದರೊಳಗಿನ ಸಾವಿರಾರು ತೆಳು ಕೊಳವೆಗಳ ಒಳಗೆ ರಿಯಾಕ್ಟರಿನ ಬಿಸಿನೀರು, ಹೊರಗೆ ಉಗಿಯಾಗುವ ನೀರು ಹರಿಯುತ್ತದೆ. ಆರಂಭದ ಸ್ಥಾವರಗಳಲ್ಲಿ ಈ ಕೊಳವೆಗಳನ್ನು ಅಲಾಯ್ 600 ಎಂಬ ನಿಕ್ಕಲ್ ಮಿಶ್ರಲೋಹದಿಂದ ಮಾಡಲಾಗಿತ್ತು. ನಲವತ್ತು ವರ್ಷ ಬಾಳಬೇಕಿದ್ದ ಕೊಳವೆಗಳು ಕೆಲವೇ ವರ್ಷಗಳಲ್ಲಿ ತುಕ್ಕು ಮತ್ತು ಬಿರುಕಿಗೆ ತುತ್ತಾದವು. ವರ್ಜೀನಿಯಾದ ಸರ‍್ರಿ ಸ್ಥಾವರದ 2ನೇ ಘಟಕ 1973ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತ್ತು. 1979ರಲ್ಲೇ ಅಲ್ಲಿ ಸ್ಟೀಮ್ ಜನರೇಟರುಗಳನ್ನು ಬದಲಿಸುವ ಕೆಲಸ ಶುರುವಾಯಿತು. ಮುಂದೆ ಹತ್ತಾರು ಸ್ಥಾವರಗಳು ಇದೇ ದಾರಿ ಹಿಡಿದವು. ಹೊಸ ಜನರೇಟರುಗಳಿಗೆ ಅಲಾಯ್ 690 ಬಳಕೆಗೆ ಬಂತು.

ಎರಡನೆಯದು ರಿಯಾಕ್ಟರ್ ಪಾತ್ರೆಯ ಮುಚ್ಚಳ. ಒಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಬೋರಿಕ್ ಆಮ್ಲ ಸೋರಿ ಮುಚ್ಚಳದ ಉಕ್ಕನ್ನು ಆಳವಾಗಿ ತಿಂದುಹಾಕಿದ್ದು 2002ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಆ ಬಳಿಕ ದೇಶದ ಹಲವು ಸ್ಥಾವರಗಳು ಮುಚ್ಚಳ ಬದಲಿಸಿದವು. ಹೀಗೆ ಹೊರಬಂದ ವಸ್ತುಗಳು ಚಿಕ್ಕವಲ್ಲ. ದೊಡ್ಡ ಸ್ಟೀಮ್ ಜನರೇಟರ್ 20 ಮೀಟರ್ ಎತ್ತರವಿದ್ದು ನೂರಾರು ಟನ್ ತೂಗುತ್ತದೆ.

ವಿಕಿರಣದ ಮಟ್ಟ ಎಲ್ಲಕ್ಕೂ ಒಂದೇ ಅಲ್ಲ. ರಿಯಾಕ್ಟರ್ ಪಾತ್ರೆಯ ಒಳರಚನೆಗಳು ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಿ ಲೋಹವೇ ವಿಕಿರಣಶೀಲವಾಗಿರುತ್ತದೆ. ಸ್ಟೀಮ್ ಜನರೇಟರಿನಲ್ಲಿ ಅಂಟಿರುವುದು ಹೆಚ್ಚಾಗಿ ಕೊಳವೆಗಳ ಒಳಮೈಯ ಸೋಂಕು. ಮೊದಮೊದಲ ದಶಕಗಳಲ್ಲಿ ಕಾರ್ಮಿಕರಿಗೆ ತಗಲುವ ವಿಕಿರಣದ ಮುಖ್ಯ ಮೂಲ ಕೋಬಾಲ್ಟ್-60. ಅದರ ಅರ್ಧಾಯು ಸುಮಾರು 5.27 ವರ್ಷ. ಅಂದರೆ 30 ವರ್ಷ ಕಾದರೆ ಅದರ ಪ್ರಮಾಣ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಯಬೇಕೆನ್ನುವವರ ವಾದಕ್ಕೆ ಈ ಭೌತಶಾಸ್ತ್ರವೇ ಬಲ.

ಹೊರಬಂದ ಭಾಗಗಳು ಹೋಗುವ ದಾರಿ

ಅಮೆರಿಕದಲ್ಲಿ ಹಳೆಯ ಸ್ಟೀಮ್ ಜನರೇಟರಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಕೂಡಲೇ ಹೂಳುವ ತಾಣಕ್ಕೆ ಸಾಗಿಸುವುದು. ಇನ್ನೊಂದು, ದಪ್ಪ ಕಾಂಕ್ರೀಟ್ ಗೋಡೆಯ ಕಟ್ಟಡ ಕಟ್ಟಿ ಸ್ಥಾವರದ ಆವರಣದಲ್ಲೇ ಇಡುವುದು. ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನಿಯನ್ ಸ್ಥಾವರದಲ್ಲಿ 2008 ಮತ್ತು 2009ರಲ್ಲಿ ಎಂಟು ಸ್ಟೀಮ್ ಜನರೇಟರುಗಳನ್ನು ಬದಲಿಸಲಾಯಿತು. ಹಳೆಯವು ಅಲ್ಲೇ ಗುಡ್ಡದ ಮೇಲಿನ ಪ್ರತ್ಯೇಕ ಕಟ್ಟಡ ಸೇರಿದವು. ಅದೇ ರಾಜ್ಯದ ಸ್ಯಾನ್ ಒನೋಫ್ರೆ ಸ್ಥಾವರ ತನ್ನ ಹಳೆಯ ನಾಲ್ಕು ಜನರೇಟರುಗಳನ್ನು ರಸ್ತೆ ಮಾರ್ಗವಾಗಿ ಯೂಟಾ ರಾಜ್ಯದ ಕ್ಲೈವ್ ತಾಣಕ್ಕೆ ಕಳುಹಿಸಿತು.

ದಾರಿ ಆರಿಸುವಲ್ಲಿ ಹೂಳುವ ತಾಣಗಳ ರಾಜಕೀಯ ನಿರ್ಣಾಯಕ. ಅಮೆರಿಕದ ಸಂಸತ್ತು 1980ರ ಕಾಯ್ದೆ ಮತ್ತು 1985ರ ತಿದ್ದುಪಡಿಯ ಮೂಲಕ ಕೆಳಮಟ್ಟದ ವಿಕಿರಣಶೀಲ ತ್ಯಾಜ್ಯದ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. ರಾಜ್ಯಗಳು ಗುಂಪು ಕಟ್ಟಿಕೊಂಡು ತಾಣ ನಿರ್ಮಿಸಬೇಕಿತ್ತು. ನಿರ್ಮಾಣವಾದದ್ದು ತೀರಾ ಕಡಿಮೆ. ದಕ್ಷಿಣ ಕ್ಯಾರೊಲಿನಾದ ಬಾರ್ನ್‌ವೆಲ್ ತಾಣ 2008ರ ಜುಲೈ 1ರಿಂದ ದಕ್ಷಿಣ ಕ್ಯಾರೊಲಿನಾ, ಕನೆಕ್ಟಿಕಟ್ ಮತ್ತು ನ್ಯೂಜೆರ್ಸಿ ರಾಜ್ಯಗಳ ತ್ಯಾಜ್ಯಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿತು. ಕ್ಲೈವ್ ತಾಣ ಅತಿ ಕಡಿಮೆ ಅಪಾಯದ ‘ಎ’ ವರ್ಗದ ತ್ಯಾಜ್ಯವನ್ನಷ್ಟೇ ಸ್ವೀಕರಿಸುತ್ತದೆ. ‘ಬಿ’ ಮತ್ತು ‘ಸಿ’ ವರ್ಗಕ್ಕೆ ಹೊಸ ದಾರಿ ಕಂಡದ್ದು 2012ರಲ್ಲಿ ಟೆಕ್ಸಸ್‌ನ ಆಂಡ್ರೂಸ್ ಕೌಂಟಿಯ ತಾಣ ಆರಂಭವಾದಾಗ.

ತಾಣ ಇದ್ದರೂ ಸಾಗಣೆ ಸುಲಭವಲ್ಲ. ಸ್ಯಾನ್ ಒನೋಫ್ರೆಯ 1ನೇ ಘಟಕ ಮುಚ್ಚಿದ್ದು 1992ರಲ್ಲಿ. ಅದರ ರಿಯಾಕ್ಟರ್ ಪಾತ್ರೆಯನ್ನು ಹಡಗಿನಲ್ಲಿ ದಕ್ಷಿಣ ಅಮೆರಿಕವನ್ನು ಬಳಸಿ ಬಾರ್ನ್‌ವೆಲ್‌ಗೆ ಒಯ್ಯುವ ಯೋಜನೆ ಕೈಗೂಡಲಿಲ್ಲ. ಅದು ಕ್ಲೈವ್ ತಲುಪಿದ್ದು 2020ರಲ್ಲಿ. ಹಣವೊಂದಿದ್ದರೆ ವಿಲೇವಾರಿ ಆಗುತ್ತದೆ ಎಂಬ ನಂಬಿಕೆಗೆ ಇಂಥ ಪ್ರಕರಣಗಳು ಮಿತಿ ಹಾಕುತ್ತವೆ.

ಯಾಂಕೀ ರೋ ಪ್ರಕರಣ

ಭಾರಿ ಭಾಗಗಳನ್ನು ಯಾವಾಗ ತೆಗೆಯಬಹುದು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು ಮ್ಯಾಸಚೂಸೆಟ್ಸ್‌ನ ಯಾಂಕೀ ರೋ ಸ್ಥಾವರದಿಂದ. 1992ರಲ್ಲಿ ಶಾಶ್ವತ ಮುಚ್ಚುಗಡೆ ಘೋಷಿಸಿದ ಈ ಸ್ಥಾವರ, ಡಿಕಮಿಷನಿಂಗ್ ಯೋಜನೆಗೆ ಅನುಮೋದನೆ ಸಿಗುವ ಮೊದಲೇ, 1993ರಲ್ಲಿ ಸ್ಟೀಮ್ ಜನರೇಟರ್ ಮುಂತಾದ ಭಾಗಗಳನ್ನು ಹೊರತೆಗೆಯಲು ಶುರುಮಾಡಿತು. ಆಗ ಬಾರ್ನ್‌ವೆಲ್ ತಾಣದ ಬಾಗಿಲು ಮುಚ್ಚುವ ಭಯವಿತ್ತು. ಮುಚ್ಚುವ ಮೊದಲೇ ಕಳುಹಿಸಿದರೆ ವೆಚ್ಚ ಉಳಿಯುತ್ತದೆ ಎಂಬುದು ಅವಸರದ ಕಾರಣ. ಆಯೋಗ ಅದಕ್ಕೆ ಅಡ್ಡಿ ಮಾಡಲಿಲ್ಲ.

ಸ್ಥಳೀಯ ನಾಗರಿಕ ಸಂಘಟನೆ ‘ಸಿಟಿಜನ್ಸ್ ಅವೇರ್‌ನೆಸ್ ನೆಟ್‌ವರ್ಕ್’ ಇದನ್ನು ಪ್ರಶ್ನಿಸಿತು. ಅನುಮೋದನೆಗೆ ಮೊದಲೇ ಮುಖ್ಯ ಭಾಗಗಳನ್ನು ತೆಗೆದುಬಿಟ್ಟರೆ ಆಮೇಲೆ ನಡೆಯುವ ಸಾರ್ವಜನಿಕ ವಿಚಾರಣೆಗೆ ಅರ್ಥವೇನು ಎಂಬುದು ಅದರ ವಾದ. 1995ರಲ್ಲಿ ಅಮೆರಿಕದ ಮೊದಲ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಆಯೋಗ ತನ್ನದೇ ನಿಯಮಗಳಿಂದ ದೂರ ಸರಿದಿದೆ ಎಂದು ಸಂಘಟನೆಯ ಪರ ತೀರ್ಪು ನೀಡಿತು. ಯಾಂಕೀ ರೋ ಮುಚ್ಚಿದ ಸ್ಥಾವರವೇ ಹೊರತು ಚಾಲನೆಯಲ್ಲಿದ್ದದ್ದಲ್ಲ. ಆದರೂ ಭಾಗ ತೆಗೆಯುವ ಸಮಯ, ಹಣ ತೆಗೆಯುವ ಸಮಯ ಮತ್ತು ಜನರು ಮಾತಾಡುವ ಸಮಯ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸಿತು.

1996ರ ನಿಯಮ

ಆಯೋಗ 1996ರ ಜುಲೈನಲ್ಲಿ ನಿಯಮವನ್ನು ಪೂರ್ಣವಾಗಿ ತಿದ್ದಿತು. ಅದರಂತೆ ಮುಚ್ಚಿದ ಸ್ಥಾವರ ಎರಡು ವರ್ಷದೊಳಗೆ ತನ್ನ ಕಾರ್ಯಯೋಜನೆಯ ವರದಿ ಸಲ್ಲಿಸಬೇಕು. ವರದಿ ತಲುಪಿ 90 ದಿನ ಕಳೆಯುವ ತನಕ ಭಾರಿ ಭಾಗಗಳನ್ನು ಕಳಚುವಂತಿಲ್ಲ. ಕೆಲಸ 60 ವರ್ಷದೊಳಗೆ ಮುಗಿಯಬೇಕು. ನಿಧಿಯ ಬಾಗಿಲೂ ಮೆಟ್ಟಿಲು ಮೆಟ್ಟಿಲಾಗಿ ತೆರೆಯುತ್ತದೆ. ಸೂತ್ರದ ಮೊತ್ತದ ಶೇ 3ರಷ್ಟನ್ನು ಕಾಗದದ ಮೇಲಿನ ಯೋಜನೆಗೆ ಬಳಸಬಹುದು. 90 ದಿನಗಳ ಬಳಿಕ ಇನ್ನೂ ಶೇ 20. ಸ್ಥಾವರಕ್ಕೆಂದೇ ಸಿದ್ಧಪಡಿಸಿದ ವಿವರ ಅಂದಾಜು ಸಲ್ಲಿಸಿದ ಮೇಲೆ ಉಳಿದದ್ದು.

ಹಣ ತೆಗೆಯಲು ಮೂರು ಷರತ್ತುಗಳಿವೆ. ಖರ್ಚು ನಿಜವಾದ ಡಿಕಮಿಷನಿಂಗ್ ಕೆಲಸಕ್ಕೇ ಆಗಿರಬೇಕು. ಅನಿರೀಕ್ಷಿತ ತೊಂದರೆ ಬಂದರೂ ರಿಯಾಕ್ಟರನ್ನು ಸುರಕ್ಷಿತ ಸ್ಥಿತಿಯಲ್ಲಿ ಕಾಪಾಡುವಷ್ಟು ಹಣ ಉಳಿಯಬೇಕು. ಮುಂದಿನ ಕೊರತೆ ತುಂಬಿಸುವ ಶಕ್ತಿಗೆ ಧಕ್ಕೆ ಆಗಬಾರದು.

ಚಾಲನೆಯಲ್ಲಿರುವ ಸ್ಥಾವರದ ಹಳೆಯ ಭಾಗಗಳಿಗೂ ಈ ಹಣ ಸಿಗಲಿ ಎಂಬ ಬೇಡಿಕೆ ಆಗಲೇ ಬಂದಿತ್ತು. ಆಯೋಗ ಒಪ್ಪಲಿಲ್ಲ. ನಡೆಯುತ್ತಿರುವ ಸ್ಥಾವರದ ವಿಲೇವಾರಿ ಎಂದರೆ ಚಾಲನೆಯ ಚಟುವಟಿಕೆ, ಅದರ ಹಣ ಚಾಲನೆಯ ಲೆಕ್ಕದಿಂದಲೇ ಬರಬೇಕು ಎಂಬುದು ಅದರ ನಿಲುವು. ಡಿಕಮಿಷನಿಂಗ್ ಎಂದರೆ ಸ್ಥಾವರವನ್ನು ಸೇವೆಯಿಂದ ತೆಗೆದು ಪರವಾನಗಿ ಕೊನೆಗೊಳಿಸುವುದು ಎಂಬ ವ್ಯಾಖ್ಯೆಗೂ ಇದು ಹೊಂದುತ್ತದೆ. 2002ರ ಡಿಸೆಂಬರ್‌ನಲ್ಲಿ ಪ್ರಕಟವಾದ ಇನ್ನೊಂದು ನಿಯಮ ಟ್ರಸ್ಟಿನ ಬೀಗವನ್ನು ಮತ್ತಷ್ಟು ಬಿಗಿಗೊಳಿಸಿತು. ಆಡಳಿತದ ಸಾಮಾನ್ಯ ಖರ್ಚು ಬಿಟ್ಟು ಬೇರೆ ಯಾವುದಕ್ಕೆ ಹಣ ತೆಗೆಯಬೇಕಾದರೂ, ಪ್ರತ್ಯೇಕ ವಿನಾಯಿತಿ ಇಲ್ಲದಿದ್ದರೆ, 30 ಕೆಲಸದ ದಿನಗಳ ಮೊದಲು ಆಯೋಗಕ್ಕೆ ಲಿಖಿತವಾಗಿ ತಿಳಿಸಬೇಕಾಯಿತು.

ತೆರಿಗೆ ಕಾನೂನಿನ ಬೇರೆ ದೃಷ್ಟಿ

ಇದೇ ನಿಧಿಯನ್ನು ತೆರಿಗೆ ಇಲಾಖೆ ನೋಡುವ ಬಗೆ ಬೇರೆ. 1984ರಲ್ಲಿ ಆಂತರಿಕ ಕಂದಾಯ ಸಂಹಿತೆಗೆ ಸೇರಿದ 468ಎ ಕಲಮು, ಅರ್ಹ ಡಿಕಮಿಷನಿಂಗ್ ನಿಧಿಗೆ ಕಟ್ಟುವ ಹಣಕ್ಕೆ ಕಟ್ಟಿದ ವರ್ಷದಲ್ಲೇ ತೆರಿಗೆ ಕಡಿತ ನೀಡುತ್ತದೆ. ಈ ಕಲಮಿನ ನಿಯಮಗಳು ಡಿಕಮಿಷನಿಂಗ್ ವೆಚ್ಚವನ್ನು ವಿವರಿಸುವಾಗ, ಭಾಗಗಳನ್ನು ಕಳಚಿ ವಿಲೇವಾರಿ ಮಾಡುವ ಖರ್ಚು ಸ್ಥಾವರ ವಿದ್ಯುತ್ ಉತ್ಪಾದನೆ ಮುಂದುವರಿಸಿದರೂ ನಿಲ್ಲಿಸಿದ್ದರೂ ಸೇರುತ್ತದೆ ಎನ್ನುತ್ತವೆ. ಹೀಗಾಗಿ ತೆರಿಗೆಯ ಕಣ್ಣಿನಲ್ಲಿ ಡಿಕಮಿಷನಿಂಗ್ ಎನಿಸಿಕೊಳ್ಳಬಹುದಾದ ಕೆಲಸ ಸುರಕ್ಷತಾ ನಿಯಂತ್ರಕರ ಕಣ್ಣಿನಲ್ಲಿ ಚಾಲನೆಯ ಖರ್ಚು. ಇದರ ಜೊತೆಗೆ, ವಿದ್ಯುತ್ ದರವನ್ನು ಸರ್ಕಾರ ನಿಗದಿಪಡಿಸುವ ರಾಜ್ಯಗಳಲ್ಲಿ ಸಾರ್ವಜನಿಕ ಸೇವಾ ಆಯೋಗಗಳಿಗೂ ಈ ಹಣದ ಮೇಲೆ ಮಾತಿದೆ. ಅದು ಅವರ ಗ್ರಾಹಕರ ಬಿಲ್ಲಿನಿಂದ ಬಂದ ಹಣ.

2019ರ ಅರ್ಜಿ

2019ರ ಫೆಬ್ರುವರಿಯಲ್ಲಿ ಎನರ್ಜಿಸೊಲ್ಯೂಷನ್ಸ್ ಕಂಪನಿ, ನಿಯಮ ತಿದ್ದಿ ಚಾಲನೆಯಲ್ಲಿರುವ ಸ್ಥಾವರಗಳ ಭಾರಿ ವಿಕಿರಣಶೀಲ ಭಾಗಗಳ ವಿಲೇವಾರಿಗೆ ನಿಧಿ ಬಳಸಲು ಬಿಡಬೇಕೆಂದು ಆಯೋಗಕ್ಕೆ ಅರ್ಜಿ ಸಲ್ಲಿಸಿತು. ಕ್ಲೈವ್ ತಾಣವನ್ನು ನಡೆಸುವುದು ಇದೇ ಕಂಪನಿ. ಆಯೋಗ ಅರ್ಜಿಯನ್ನು ದಾಖಲಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸುಮಾರು ಕಾಲು ಶತಮಾನದ ಹಿಂದೆ ಆಯೋಗ ತಿರಸ್ಕರಿಸಿದ್ದ ವಿಚಾರ ಹೀಗೆ ಮತ್ತೆ ನಿಯಮ ರಚನೆಯ ಅಂಗಳಕ್ಕೆ ಬಂತು.

ಅನುಮತಿಯ ಪರವಾಗಿರುವ ವಾದಗಳಿಗೆ ತೂಕವಿದೆ. ಹಳೆಯ ಭಾಗವನ್ನು ಎಂದಾದರೂ ಹೂಳಲೇಬೇಕು. ಹೂಳುವ ದರ ಸಾಮಾನ್ಯ ಬೆಲೆಯೇರಿಕೆಗಿಂತ ವೇಗವಾಗಿ ಏರಿದರೆ ಈಗಲೇ ಮುಗಿಸುವುದು ನಿಧಿಗೇ ಲಾಭ. ಇಂದು ತೆರೆದಿರುವ ತಾಣ ನಾಳೆ ಮುಚ್ಚಬಹುದು, ಬಾರ್ನ್‌ವೆಲ್ ಅದಕ್ಕೆ ಸಾಕ್ಷಿ. ಆವರಣದಲ್ಲಿ ಇಟ್ಟ ವಸ್ತುವಿಗೆ ಕಾವಲು, ತಪಾಸಣೆ, ಕಟ್ಟಡದ ದುರಸ್ತಿ ತಪ್ಪದು. ಪರವಾನಗಿ ಅವಧಿ 60 ವರ್ಷಕ್ಕೆ, ಕೆಲವು ಸ್ಥಾವರಗಳಲ್ಲಿ 80 ವರ್ಷಕ್ಕೆ ವಿಸ್ತರಿಸಿದೆ. ಫ್ಲಾರಿಡಾದ ಟರ್ಕಿ ಪಾಯಿಂಟ್ 2019ರ ಡಿಸೆಂಬರ್‌ನಲ್ಲಿ 80 ವರ್ಷದ ಅನುಮತಿ ಪಡೆದ ಮೊದಲ ಸ್ಥಾವರ. ಮುಚ್ಚುವ ದಿನ ದೂರವಾದಷ್ಟೂ ಹಳೆಯ ಭಾಗಗಳು ಆವರಣದಲ್ಲಿ ಕಳೆಯುವ ವರ್ಷಗಳೂ ಹೆಚ್ಚುತ್ತವೆ.

ವಿರೋಧದ ವಾದಗಳೂ ಅಷ್ಟೇ ಗಟ್ಟಿ. ಸ್ಟೀಮ್ ಜನರೇಟರ್ ಬದಲಿಸುವುದು ಸ್ಥಾವರ ಇನ್ನಷ್ಟು ವರ್ಷ ಲಾಭ ತರಲಿ ಎಂದು. ಲಾಭ ಕಂಪನಿಗೆ, ಹಳೆಯದನ್ನು ಹೂಳುವ ಖರ್ಚು ಮಾತ್ರ ಮುಂದಿನವರ ನಿಧಿಗೆ ಎಂದರೆ ನ್ಯಾಯವಲ್ಲ. ನಿಧಿ ಷೇರು ಮತ್ತು ಬಾಂಡುಗಳಲ್ಲಿ ಬೆಳೆಯುವಂಥದ್ದು. ಮೊದಲೇ ತೆಗೆದ ಹಣ ದಶಕಗಳ ಗಳಿಕೆಯನ್ನೂ ಜೊತೆಗೆ ಒಯ್ಯುತ್ತದೆ. 2008ರ ಮಾರುಕಟ್ಟೆ ಕುಸಿತದ ಬೆನ್ನಿಗೆ, 2009ರಲ್ಲಿ, ಹಲವು ಸ್ಥಾವರಗಳ ನಿಧಿಯಲ್ಲಿ ಕೊರತೆ ಕಂಡುಬಂದಿತ್ತು. ಸ್ಥಾವರಗಳು ಯೋಜಿಸಿದ ದಿನಕ್ಕೇ ಮುಚ್ಚುತ್ತವೆ ಎಂಬ ಖಾತ್ರಿಯೂ ಇಲ್ಲ. ವಿಸ್ಕಾನ್ಸಿನ್‌ನ ಕೆವಾನಿ 2013ರಲ್ಲಿ, ವರ್ಮಾಂಟ್ ಯಾಂಕೀ 2014ರಲ್ಲಿ ಆರ್ಥಿಕ ಕಾರಣಕ್ಕೆ ಅವಧಿಗೆ ಮುನ್ನವೇ ನಿಂತವು. ಸ್ಯಾನ್ ಒನೋಫ್ರೆಯ ಕಥೆ ಇನ್ನೂ ಕಟು. ಹೊಸದಾಗಿ ಕೂರಿಸಿದ ಸ್ಟೀಮ್ ಜನರೇಟರಿನ ಕೊಳವೆ 2012ರ ಜನವರಿಯಲ್ಲಿ ಸೋರಿತು, 2013ರ ಜೂನ್‌ನಲ್ಲಿ 2 ಮತ್ತು 3ನೇ ಘಟಕಗಳು ಶಾಶ್ವತವಾಗಿ ಮುಚ್ಚಿದವು. ಬದಲಾವಣೆ ಸ್ಥಾವರಕ್ಕೆ ದೀರ್ಘಾಯುಷ್ಯ ಕೊಟ್ಟೇ ಕೊಡುತ್ತದೆ ಎಂದು ನಂಬಿ ನಿಧಿಯನ್ನು ಮುಟ್ಟುವುದು ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ವಿಕಿರಣದ ಲೆಕ್ಕವೂ ಎರಡೂ ಕಡೆ ವಾಲುತ್ತದೆ. ಬೇಗ ಸಾಗಿಸಿದರೆ ಆವರಣದ ಸಂಗ್ರಹ ತಪ್ಪುತ್ತದೆ, ತಡವಾಗಿ ಸಾಗಿಸಿದರೆ ಕೋಬಾಲ್ಟ್ ಕರಗಿ ಕಾರ್ಮಿಕರಿಗೆ ತಗಲುವ ಪ್ರಮಾಣ ಇಳಿಯುತ್ತದೆ. ಯಾವುದು ಮೇಲು ಎಂಬುದು ಪ್ರತಿ ಸ್ಥಾವರದ ವಾಸ್ತವವನ್ನು ಅವಲಂಬಿಸಿದೆ.

ಇತರ ದೇಶಗಳು

ಸ್ವೀಡನ್ ಗೆರೆಯನ್ನು ಆರಂಭದಲ್ಲೇ ಎಳೆದಿದೆ. ಅಲ್ಲಿನ ಪರಮಾಣು ತ್ಯಾಜ್ಯ ನಿಧಿ ಬಳಸಿದ ಇಂಧನ ಮತ್ತು ಡಿಕಮಿಷನಿಂಗ್‌ಗೆ ಮೀಸಲು. ಚಾಲನೆಯ ದಿನಗಳಲ್ಲಿ ಹುಟ್ಟುವ ತ್ಯಾಜ್ಯದ ಖರ್ಚನ್ನು ವಿದ್ಯುತ್ ಕಂಪನಿಗಳು ನೇರವಾಗಿ ಭರಿಸುತ್ತವೆ. ಆ ತ್ಯಾಜ್ಯಕ್ಕೆ 1988ರಿಂದ ಫೋರ್ಸ್‌ಮಾರ್ಕ್‌ನಲ್ಲಿ ಸಮುದ್ರತಳದ ಬಂಡೆಯೊಳಗೆ ತಾಣವಿದೆ. ರಿಂಗ್‌ಹಾಲ್ಸ್ ಸ್ಥಾವರದ ಹಳೆಯ ಸ್ಟೀಮ್ ಜನರೇಟರುಗಳನ್ನು ಸ್ಟುಡ್ಸ್‌ವಿಕ್ ಕೇಂದ್ರದಲ್ಲಿ ಕತ್ತರಿಸಿ ಕರಗಿಸಿ, ಶುದ್ಧವಾದ ಲೋಹವನ್ನು ಮರುಬಳಕೆಗೆ ಬಿಡಲಾಗಿದೆ. ಹೂಳಬೇಕಾದ ಗಾತ್ರ ಇದರಿಂದ ಬಹಳಷ್ಟು ಇಳಿಯುತ್ತದೆ.

ಕೆನಡಾದ ಬ್ರೂಸ್ ಪವರ್ ಕಂಪನಿಯೂ ತನ್ನ 16 ಹಳೆಯ ಸ್ಟೀಮ್ ಜನರೇಟರುಗಳನ್ನು ಸ್ವೀಡನ್ನಿಗೆ ಕಳುಹಿಸಲು 2011ರಲ್ಲಿ ಪರವಾನಗಿ ಪಡೆಯಿತು. ಮಹಾ ಸರೋವರಗಳ ಮೂಲಕ ಹಡಗಿನಲ್ಲಿ ಸಾಗಿಸುವುದಕ್ಕೆ ಮೂಲನಿವಾಸಿ ಸಮುದಾಯಗಳು ಮತ್ತು ದಂಡೆಯ ಊರುಗಳು ತೀವ್ರವಾಗಿ ವಿರೋಧಿಸಿದವು. ಆ ಪರವಾನಗಿಯ ಅವಧಿಯಲ್ಲಿ ಸಾಗಣೆ ನಡೆಯಲಿಲ್ಲ. ದಾರಿಯಲ್ಲಿರುವ ಜನರ ಒಪ್ಪಿಗೆಗೆ ನಿಧಿಯಲ್ಲಿ ಬದಲಿ ಇಲ್ಲ.

ಭಾರತ ಮತ್ತು ಕೈಗಾ

ಭಾರತದಲ್ಲಿ ಡಿಕಮಿಷನಿಂಗ್‌ಗೆಂದು ಪರಮಾಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ 2 ಪೈಸೆ ಸಂಗ್ರಹಿಸುವ ಪದ್ಧತಿ ಬಂದಿದೆ. ಮಹಾಲೇಖಪಾಲರ 2012ರ ವರದಿ ಈ ವ್ಯವಸ್ಥೆಯ ಹುಳುಕುಗಳನ್ನು ನೇರವಾಗಿ ಎತ್ತಿ ತೋರಿಸಿತು. 1962ರ ಪರಮಾಣು ಶಕ್ತಿ ಕಾಯ್ದೆಯಲ್ಲಿ ಇಂಥ ಮೀಸಲು ನಿಧಿಗೆ ಅವಕಾಶವೇ ಇಲ್ಲ, ನಿಧಿ ಸಾಕಷ್ಟಿದೆಯೇ ಎಂದು ನೋಡುವ ಪಾತ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಇಲ್ಲ, ಮೂವತ್ತು ವರ್ಷ ದುಡಿದ ಸ್ಥಾವರಗಳಿಗೂ ಡಿಕಮಿಷನಿಂಗ್ ಯೋಜನೆ ಸಿದ್ಧವಾಗಿಲ್ಲ ಎಂದು ಅದು ಹೇಳಿತು.

ಭಾರತದ ಭಾರಜಲ ರಿಯಾಕ್ಟರುಗಳಲ್ಲಿ ನಡು ಆಯುಷ್ಯದ ದೊಡ್ಡ ಕೆಲಸವೆಂದರೆ ಶೀತಕ ಕೊಳವೆಗಳ ಸಾಮೂಹಿಕ ಬದಲಾವಣೆ. ಪ್ರತಿ 220 ಮೆಗಾವಾಟ್ ಘಟಕದಲ್ಲಿ ಇಂಥ 306 ಕೊಳವೆಗಳಿವೆ. ರಾಜಸ್ಥಾನದ 2ನೇ ಘಟಕದಲ್ಲಿ 1990ರ ದಶಕದಲ್ಲಿ, ಆಮೇಲೆ ಕಲ್ಪಾಕ್ಕಂ ಮತ್ತು ನರೋರಾ ಸ್ಥಾವರಗಳಲ್ಲಿ ಈ ಕೆಲಸ ನಡೆಯಿತು. ರಿಯಾಕ್ಟರಿನ ಹೃದಯಭಾಗದಲ್ಲೇ ಇದ್ದ ಕೊಳವೆಗಳಾದ್ದರಿಂದ ಇವುಗಳ ವಿಕಿರಣ ತೀವ್ರ. ಉತ್ತರ ಕನ್ನಡದ ಕೈಗಾದಲ್ಲಿ ಇದೇ ಬಗೆಯ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕಾಳಿ ನದಿಯ ದಡದ, ಪಶ್ಚಿಮ ಘಟ್ಟದ ಕಾಡಿನ ನಡುವಿನ ಈ ಸ್ಥಾವರಕ್ಕೂ ನಡು ಆಯುಷ್ಯದ ತ್ಯಾಜ್ಯ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ವಾದ ನಡೆಯುತ್ತಿರುವುದು ನಿಧಿಯ ಬೀಗದ ಬಗ್ಗೆ. ಇಲ್ಲಿ ಮೊದಲು ಆಗಬೇಕಾದದ್ದು ನಿಧಿಗೆ ಕಾನೂನಿನ ಆಸರೆ ಮತ್ತು ಬಹಿರಂಗ ಲೆಕ್ಕ.

ಮೌಲ್ಯಮಾಪನ

ಹಳೆಯ ಭಾಗಗಳನ್ನು ಬೇಗ ವಿಲೇವಾರಿ ಮಾಡುವುದು ಒಳ್ಳೆಯ ಗುರಿ. ಅದಕ್ಕೆ ಯಾವ ಹಣ ಬಳಸಬೇಕು ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ನೋಡಿದಾಗ ವಾದ ದಾರಿ ತಪ್ಪುತ್ತದೆ. ವಿದ್ಯುತ್ ಮಾರಿ ಆದಾಯ ಪಡೆಯುತ್ತಿರುವ ಸ್ಥಾವರಕ್ಕೆ ಖರ್ಚು ಭರಿಸುವ ದಾರಿಗಳು ಹಲವು. ಮುಚ್ಚಿದ ಸ್ಥಾವರಕ್ಕೆ ನಿಧಿಯೇ ಮುಖ್ಯ ಆಸರೆ. ಆದ್ದರಿಂದ ಸಾಮಾನ್ಯ ನಿಯಮವಾಗಿ 1996ರ ನಿಲುವೇ ಸರಿ.

ವಿನಾಯಿತಿ ಕೊಡುವುದಾದರೆ ಅದರ ಅಳತೆಗೋಲು ಈಗಾಗಲೇ ನಿಯಮದಲ್ಲಿದೆ. ಮುಚ್ಚಿದ ಸ್ಥಾವರಕ್ಕೆ ಹಾಕಿರುವ ಮೂರು ಷರತ್ತುಗಳನ್ನು ಚಾಲನೆಯಲ್ಲಿರುವುದಕ್ಕೆ ಇನ್ನೂ ಬಿಗಿಯಾಗಿ ಹಾಕಬೇಕು. ಹಳೆಯ ಭಾಗದ ವಿಲೇವಾರಿ ವೆಚ್ಚ ಆ ಸ್ಥಾವರದ ವಿವರ ಅಂದಾಜಿನಲ್ಲಿ ಮೊದಲೇ ಸೇರಿರಬೇಕು, ಅದಕ್ಕೆಂದು ಹಣ ನಿಜವಾಗಿ ಸಂಗ್ರಹವಾಗಿರಬೇಕು. ಸ್ಥಾವರ ನಾಳೆಯೇ ನಿಂತರೂ ಉಳಿದ ಮೊತ್ತ ಸಾಲುವಂತಿರಬೇಕು. ತೆಗೆಯುವ ಮೊದಲು ನಿಯಂತ್ರಕರ ಪರಿಶೀಲನೆ ನಡೆದು ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳಬೇಕು. ಈ ಷರತ್ತುಗಳನ್ನು ಪೂರೈಸುವ ಸ್ಥಾವರ ಹಣ ಬಳಸಿದರೆ ಮುಂದಿನವರಿಗೆ ಹೊರೆಯಿಲ್ಲ, ಬದಲಿಗೆ ಅವರ ಪಾಲಿನ ಕೆಲಸವೊಂದು ಮೊದಲೇ ಮುಗಿದಿರುತ್ತದೆ. ಪೂರೈಸಲಾಗದ ಸ್ಥಾವರ ಹಳೆಯ ಭಾಗದ ಖರ್ಚನ್ನು ತಾನು ಇಂದು ಮಾರುವ ವಿದ್ಯುತ್ತಿನಿಂದಲೇ ಹೊರಬೇಕು. ಏಕೆಂದರೆ ಆ ಭಾಗ ಸವೆದದ್ದು ಆ ವಿದ್ಯುತ್ತಿಗಾಗಿಯೇ.